ಹೋಟ್ಲು ಊಟಕ್ಕೂ ಒಂದು ಚರಿತ್ರೆ

ಅವರೆಕಾಯಿ ಕಾಲ ಬಂತೆಂದರೆ ಹೊನ್ನೂರು, ಯಳಂದೂರು, ಕೊಳ್ಳೇಗಾಲದ ಕಡೆ ಮಧ್ಯಾಹ್ನದ ಊಟದ ಘಮವೇ ಬೇರೆ. ಬಿಸಿ ಮುದ್ದೆ, ಹಿತುಕವರೆ ಸಾರು. ಮಳೆ ಬಿದ್ದರೆ ಮಸ್ಸೊಪ್ಪು. ಬೇಸಿಗೆಗೆ ಮಾವಿನಕಾಯಿ ಚಿತ್ರಾನ್ನ, ಹಲಸಿನ ಬೀಜದ ಸಾರು. ಕಾಲಕ್ಕೆ ತಕ್ಕ ಊಟವನ್ನು ಊರ ಹೋಟ್ಲಲ್ಲಿ ಕೂತು ಉಣ್ಣುವುದು ಒಂದು ಸುಖ. ಅದನ್ನು ಬೇಡ ಅನ್ನುವವರು ನಾವಲ್ಲ. ಆದರೆ ಆ 'ಕೂತು' ಎಂಬ ಒಂದು ಮಾತಿಗೆ ನಾವು ಎಷ್ಟು ಕಾಲ ಕಾಯಬೇಕಾಯಿತು?

ಅವರೆ ಬಿತ್ತಿದವರು, ಕಳೆ ಕಿತ್ತವರು, ಕಾಯಿ ಬಿಡಿಸಿದವರು ನಮ್ಮ ಕೇರಿಯ ಅವ್ವಂದಿರು, ಅಕ್ಕಂದಿರು. ಅವರು ಮುಟ್ಟಿದ ಕಾಳು ಹೋಟ್ಲಿನ ಒಲೆ ಮೇಲೆ ಬೇಯಬಹುದಿತ್ತು; ಅವರು ಮುಟ್ಟಿದ ಲೋಟ ಮಾತ್ರ ಒಳಕ್ಕೆ ಬರುವಂತಿರಲಿಲ್ಲ. ಕಾಳಿಗಿಲ್ಲದ ಮೈಲಿಗೆ ಲೋಟಕ್ಕೆ ಹೆಂಗೆ ಬಂತು? ನಮ್ಮ ಹಿರೀಕರು ಬಾಗಿಲಾಚೆ ನಿಂತು 'ಒಸಿ ಟೀ ಕೊಡಿ ಬುದ್ಧಿ' ಎಂದು ಕೇಳಬೇಕಿತ್ತು. ಕೊಟ್ಟ ಕಾಸಿಗೆ ನೀರು ಚಿಮುಕಿಸಿ ತಗೊಳ್ಳುತ್ತಿದ್ದರು. ಟೀಯನ್ನು ಮೇಲಿಂದ ತೆಂಗಿನ ಚಿಪ್ಪಿಗೆ ಹುಯ್ಯುತ್ತಿದ್ದರು. ಬೇರೆ ಲೋಟ ಇಟ್ಟಿದ್ದರೆ ಅದು ಸೂರಿನ ಸಂದಿಯಲ್ಲಿ; ಕುಡಿದವರೇ ತೊಳೆದು ಅಲ್ಲೇ ಸಿಗಿಸಬೇಕು.

ನಮ್ಮ ಸೀಮೆ ಎರಡು ಆಳ್ವಿಕೆ ಕಂಡದ್ದು. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಮೈಸೂರು ನೆಲ. ನಾಗರಿಕ ನಿರ್ಬಂಧಗಳನ್ನು ತೆಗೆದುಹಾಕುವ ಕಾಯಿದೆ ಮದರಾಸಿನಲ್ಲಿ 1938ರಲ್ಲಿ, ಮೈಸೂರಿನಲ್ಲಿ 1943ರಲ್ಲಿ ಬಂತು. ಆಳುವವರು ಬೇರೆ, ಕಾಯಿದೆ ಬೇರೆ. ಚಿಪ್ಪು ಮಾತ್ರ ಎರಡೂ ಕಡೆ ಒಂದೇ.

1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ಬಾಬಾಸಾಹೇಬರಿಗೆ ಈ ಲೋಟದ ಸಂಗತಿ ಗೊತ್ತಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟ್ಲುಗಳನ್ನು ಹೆಸರಿಟ್ಟೇ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಹೋಟ್ಲಿನ ಪಾತ್ರೆ ಬಳಸಲು ಬಿಡದಿರುವುದೂ ಅಪರಾಧ ಎಂದಿತು. ಪಾತ್ರೆ ಪಗಡದ ಮಾತನ್ನೂ ಪಾರ್ಲಿಮೆಂಟು ಬರೆಯಬೇಕಾಗಿ ಬಂತು ಅಂದರೆ ಈ ದೇಶದ ಹೊಟ್ಟೆಯೊಳಗೆ ಏನಿತ್ತು ಯೋಚಿಸಿ. ಆ ಕಾಯಿದೆಯಲ್ಲಿ ಬರೀ ದಂಡ ಕಟ್ಟಿ ಪಾರಾಗಬಹುದಿತ್ತು. 1976ರಲ್ಲಿ ಅದನ್ನು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ತಿದ್ದಿ, ಕಡಿಮೆಯೆಂದರೂ ಒಂದು ತಿಂಗಳು ಜೈಲು, ನೂರು ರೂಪಾಯಿ ದಂಡ ಎಂದು ಮಾಡಿದರು.

ಕಾಯಿದೆ ತಾನಾಗಿ ನಡೆದು ಊರಿಗೆ ಬರುವುದಿಲ್ಲ. ನಮ್ಮ ಹುಡುಗರು ಬೆಂಚಿನ ಮೇಲೆ ಹಟ ಹಿಡಿದು ಕೂತರು. ಒದೆ ತಿಂದರು, ಕೂಲಿ ಕಳಕೊಂಡರು. ಆಮೇಲೆ ಕಾಗದದ ಲೋಟ ಬಂತು. ಎಲ್ಲರಿಗೂ ಒಂದೇ, ಕುಡಿದು ಬಿಸಾಕುವುದು. ತೊಳೆಯುವ ಪ್ರಶ್ನೆ ಹೋಯಿತು, ಮೈಲಿಗೆಯ ಪ್ರಶ್ನೆ ಹೋಯಿತೆ? ನಮ್ಮದೇ ಚಾಮರಾಜನಗರ ಜಿಲ್ಲೆಯ ಹೆಗ್ಗೊಠಾರದಲ್ಲಿ 2022ರ ನವೆಂಬರಿನಲ್ಲಿ ಮದುವೆಗೆ ಬಂದ ದಲಿತ ಹೆಣ್ಣುಮಗಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆ ಖಾಲಿ ಮಾಡಿ ಗಂಜಲದಲ್ಲಿ ತೊಳೆದರು. ಪೊಲೀಸರು ಕೇಸು ಹಾಕಬೇಕಾಯಿತು.

ಈಗ ನಾವು ಬೆಂಚಿನ ಮೇಲೆ ಕೂರುತ್ತೇವೆ. ಹಿತುಕವರೆ ಸಾರು ಎರಡನೇ ಸಲ ಕೇಳಿ ಹಾಕಿಸಿಕೊಂಡು ಉಣ್ಣುತ್ತೇವೆ. ಉಣ್ಣಬೇಕು. ಆದರೆ ಒಳಗೆ ಒಲೆ ಮುಂದೆ ಯಾರಿದ್ದಾರೆ ಅಂತಲೂ ನೋಡಬೇಕು. ಗಿರಾಕಿಯಾಗಿ ಒಳಕ್ಕೆ ಹೋಗುವ ಹಕ್ಕನ್ನು ಕಾಯಿದೆ ಕೊಟ್ಟಿತು. ನಾಳೆ ಕೇರಿಯ ಅವ್ವನೇ ಹೋಟ್ಲು ಇಟ್ಟು ಅದೇ ಅವರೆ ಸಾರು ಬಡಿಸಿದರೆ, ಊರಿನವರು ಬಂದು ಬೆಂಚಿನ ಮೇಲೆ ಕೂರುತ್ತಾರೆಯೆ? ಇದಕ್ಕೆ ಊರೇ ಉತ್ತರ ಹೇಳಬೇಕು.