ಧೌಲಾಧಾರದ ಹಾದಿಯಲ್ಲಿ ಗದ್ದಿ ನಾಯಿ

ಹಿಮಾಚಲ ಪ್ರದೇಶದ ಕಾಂಗ್ಡಾ ಮತ್ತು ಚಂಬಾ ಜಿಲ್ಲೆಗಳ ನಡುವೆ ಗೋಡೆಯಂತೆ ಎದ್ದು ನಿಂತಿರುವ ಧೌಲಾಧಾರ ಪರ್ವತಶ್ರೇಣಿಯನ್ನು ಇಂದು ಪ್ರವಾಸಿಗರು ಅದರ ಚೆಲುವಿಗಾಗಿ ಅರಸಿಕೊಂಡು ಬರುತ್ತಾರಾದರೂ, ಅದನ್ನು ದಾಟುವ ಹಾದಿಗಳನ್ನು ಸವೆಸಿದವರು ಗದ್ದಿ ಎಂಬ ಕುರಿಗಾಹಿ ಜನ, ಅವರ ಕುರಿಮೇಕೆಗಳು ಮತ್ತು ಆ ಹಿಂಡಿನ ಜೊತೆಯಲ್ಲೇ ನಡೆದ ನಾಯಿಗಳು. ಗದ್ದಿಗಳ ಮೂಲನೆಲೆ ರಾವಿ ನದಿಯ ಮೇಲ್ಕಣಿವೆಯಲ್ಲಿರುವ ಭರ್ಮೌರ್. ಬ್ರಹ್ಮಪುರವೆಂಬ ಹಳೆಯ ಹೆಸರಿನ ಈ ಊರು, ಹತ್ತನೆಯ ಶತಮಾನದಲ್ಲಿ ಸಾಹಿಲವರ್ಮನು ರಾಜಧಾನಿಯನ್ನು ಚಂಬಾ ಪಟ್ಟಣಕ್ಕೆ ಸಾಗಿಸುವವರೆಗೆ, ಆ ಬೆಟ್ಟನಾಡಿನ ಅರಸರ ನೆಲೆಯಾಗಿತ್ತು.

ಗದ್ದಿಗಳ ಬದುಕು ಋತುವಲಸೆಯದು, ಎಂದರೆ ಹವೆಯನ್ನೂ ಹುಲ್ಲನ್ನೂ ಅನುಸರಿಸಿ ವರ್ಷಕ್ಕೊಮ್ಮೆ ಮೇಲಕ್ಕೆ ಹೋಗಿ ಕೆಳಕ್ಕೆ ಬರುವಂಥದು. ಚಳಿಗಾಲವನ್ನು ಕಾಂಗ್ಡಾದ ತಗ್ಗಿನ ಗುಡ್ಡಗಳಲ್ಲಿ ಕಳೆದು, ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿ, ಬೇಸಿಗೆ ಕಾಲಿಟ್ಟೊಡನೆ ಅವರು ಮೇಲೇರತೊಡಗುತ್ತಾರೆ; ಮುಂಗಾರಿನ ಹೊತ್ತಿಗೆ, ಸುಮಾರು 4,300 ಮೀಟರ್ ಎತ್ತರದ ಇಂದ್ರಹಾರ್‌ನಂಥ ಕಣಿವೆದಾರಿಗಳಲ್ಲಿ ಧೌಲಾಧಾರವನ್ನು ದಾಟಿ, ಇನ್ನೂ ಎತ್ತರದ ಕುಗ್ತಿಯನ್ನು ಹತ್ತಿಳಿದು, ಹಲವರು ಲಾಹೌಲ್ ಸೇರುತ್ತಾರೆ. ಈ ದೂರದ ನಡಿಗೆಗೆ ಮುಖ್ಯ ಕಾರಣ ಮಳೆ. ಧೌಲಾಧಾರದ ತೆಂಕಣ ಮಗ್ಗುಲಲ್ಲಿರುವ ಧರ್ಮಶಾಲೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಪರ್ವತಗಳ ಮರೆಯಲ್ಲಿರುವ ಲಾಹೌಲ್ ಒಣನಾಡಾದ್ದರಿಂದ ಅಲ್ಲಿ ಕುರಿಗಳಿಗೆ ಗೊರಸು ಕೊಳೆಯುವ ಭಯ ಕಡಿಮೆ, ಬೇಸಿಗೆಯ ಹುಲ್ಲೂ ಹುಲುಸು.

ಇಂಥ ಹಾದಿಯಲ್ಲಿ ಹಗಲಿಗಿಂತ ಇರುಳೇ ಕಠಿಣ. ಬೇಲಿಯಿಲ್ಲದ ಇಳಿಜಾರಿನಲ್ಲಿ ನೂರಾರು ಪ್ರಾಣಿಗಳು ಮಲಗಿರುವಾಗ ಚಿರತೆಯೋ ಕರಡಿಯೋ ಎರಗಿದರೆ, ದಣಿದು ಒರಗಿದ ಇಬ್ಬರು ಮೂವರು ಕುರಿಗಾಹಿಗಳಿಂದ ಹಿಂಡನ್ನು ಉಳಿಸಿಕೊಳ್ಳಲಾಗದು. ಗದ್ದಿ ನಾಯಿಯ ಕೆಲಸವನ್ನು ತಿಳಿಯಬೇಕಾದದ್ದು ಇಲ್ಲಿಂದಲೇ. ಯೂರೋಪಿನ ಕೆಲವು ತಳಿಗಳಂತೆ ಕುರಿಗಳನ್ನು ಸುತ್ತುವರಿದು ಅಟ್ಟಿಕೊಂಡು ಹೋಗುವುದು ಅದರ ಮುಖ್ಯ ಕೆಲಸವಲ್ಲ. ಸಿಳ್ಳಿನಿಂದಲೂ ಕೂಗಿನಿಂದಲೂ ಹಿಂಡನ್ನು ನಡೆಸುವವನು ಕುರಿಗಾಹಿಯೇ. ನಾಯಿಯದು ಕಾವಲು. ದಟ್ಟ ಕೂದಲಿನ, ಹೆಚ್ಚಾಗಿ ಕಪ್ಪುಬಣ್ಣದ, ಎದೆಯಲ್ಲೋ ಕಾಲುಗಳಲ್ಲೋ ಬಿಳಿಮಚ್ಚೆಯಿರುವ ಈ ದೊಡ್ಡ ನಾಯಿ ರಾತ್ರಿಯೆಲ್ಲ ಹಿಂಡಿನ ಅಂಚಿನಲ್ಲಿದ್ದು, ಅಪರಿಚಿತ ವಾಸನೆ ಬಂದೊಡನೆ ಬೊಗಳಿ, ಬೇಕಾದರೆ ಮೇಲೆ ಬೀಳುತ್ತದೆ. ಚಿರತೆ ನಾಯಿಯನ್ನು ಹಿಡಿಯುವುದು ಕುತ್ತಿಗೆಗೆ. ಆದ್ದರಿಂದ ಹೊರಮುಖವಾಗಿ ಮೊನಚು ಮುಳ್ಳುಗಳಿರುವ ಕಬ್ಬಿಣದ ಪಟ್ಟಿಯನ್ನು ಅದರ ಕೊರಳಿಗೆ ಕಟ್ಟುವ ರೂಢಿ ಬೆಳೆಯಿತು. ಹಿಮಾಲಯದ ಕುರಿಗಾಹಿಗಳ ಸಲಕರಣೆಗಳಲ್ಲಿ ಇಷ್ಟು ಸರಳವಾಗಿದ್ದೂ ಇಷ್ಟು ಜಾಣತನದ್ದಾದ ವಸ್ತು ಇನ್ನೊಂದು ಸಿಗುವುದು ಕಷ್ಟ. ಆಗತಾನೆ ಹುಟ್ಟಿದ ಕುರಿಮರಿಯನ್ನು ಚೋಲಾ ಎಂಬ ಉಣ್ಣೆಯಂಗಿಯ ಮಡಿಲಲ್ಲಿರಿಸಿ, ಆ ಅಂಗಿಯನ್ನು ಡೋರಾ ಎಂಬ ಕರಿಯುಣ್ಣೆಯ ಉದ್ದನೆಯ ಹಗ್ಗದಿಂದ ನಡುವಿಗೆ ಬಿಗಿದು ನಡೆಯುವ ಗದ್ದಿಯೂ ಮುಳ್ಳುಪಟ್ಟಿ ತೊಟ್ಟ ನಾಯಿಯೂ ಒಂದೇ ಪಯಣಕ್ಕೆ ಅಣಿಯಾದವರು.

ಬ್ರಿಟಿಷರ ಕಾಲದಲ್ಲಿ ಮೇವಿನ ಕಾಡುಗಳ ಹಕ್ಕು, ಹಾದಿ ಮತ್ತು ಕರಗಳು ದಾಖಲೆಗೆ ಬಂದವು. ಕರವನ್ನು ಕುರಿಮೇಕೆಗಳ ತಲೆಲೆಕ್ಕದಲ್ಲಿ ನಿಗದಿಪಡಿಸಿದ್ದರಿಂದ ಆಡಳಿತದ ಆಸಕ್ತಿ ಹಿಂಡಿನ ಗಾತ್ರದ ಮೇಲೆಯೇ ಇತ್ತು; ಕಾವಲಿಗಿದ್ದ ನಾಯಿ ಲೆಕ್ಕದ ಅಂಚಿಗೆ ಸರಿಯಿತು. ಹಿಮಾಲಯದ ನಾಯಿ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನನ್ನು ಕೊನೆಯವರೆಗೂ ಹಿಂಬಾಲಿಸಿದ ನಾಯಿ. ಅದನ್ನು ಗದ್ದಿ ತಳಿಯ ಪ್ರಾಚೀನತೆಗೆ ಪುರಾವೆಯಾಗಿಸುವುದು ತಪ್ಪು; ಆದರೂ ಬೆಟ್ಟದ ಹಾದಿಯಲ್ಲಿ ಜೊತೆಬಿಡದ ಜೀವವಾಗಿ ಆ ಕಾವ್ಯ ನಾಯಿಯನ್ನೇ ಆರಿಸಿತೆಂಬುದು ಕಡೆಗಣಿಸುವಂಥ ಸಂಗತಿಯಲ್ಲ.

ಮೇವಿನ ಪರವಾನಗಿಗಳ ಮಿತಿ, ಹಾದಿಗಳನ್ನು ಕತ್ತರಿಸಿದ ರಸ್ತೆಗಳು ಮತ್ತು ಅಣೆಕಟ್ಟುಗಳು, ಶಾಲೆ ಕಲಿತ ಮಕ್ಕಳು ಬೇರೆ ಉದ್ಯೋಗ ಹಿಡಿದದ್ದು, ಇವೆಲ್ಲ ಸೇರಿ ಕಳೆದ ಕೆಲವು ದಶಕಗಳಲ್ಲಿ ವಲಸೆ ಹೋಗುವ ಕುಟುಂಬಗಳು ಕಡಿಮೆಯಾಗಿವೆ. ಬೇರೆ ನಾಯಿಗಳೊಡನೆ ಬೆರೆತು ತಳಿಯೂ ಕ್ಷೀಣಿಸಿದೆ. 2025ರ ಆರಂಭದಲ್ಲಿ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಗದ್ದಿ ನಾಯಿಯನ್ನು ದೇಶೀ ತಳಿಯಾಗಿ ನೋಂದಾಯಿಸಿತು. ಕರ್ನಾಟಕದ ಮುಧೋಳ ನಾಯಿ ಅದಕ್ಕೂ ಮೊದಲೇ ಅದೇ ಪಟ್ಟಿ ಸೇರಿತ್ತು. ಮುಧೋಳ ನಾಯಿ ಬಯಲಿನಲ್ಲಿ ಬೇಟೆಯ ಬೆನ್ನಟ್ಟಿ ಓಡುವ ಮೈಕಟ್ಟಿನದು, ಗದ್ದಿ ನಾಯಿ ಹಿಮದಂಚಿನಲ್ಲಿ ನಿಂತು ಕಾಯುವ ಮೈಕಟ್ಟಿನದು. ನೋಂದಣಿ ಸ್ವಾಗತಾರ್ಹವೇ. ಆದರೆ ಈ ನಾಯಿಯನ್ನು ರೂಪಿಸಿದ್ದು ಇಂದ್ರಹಾರ್ ಮತ್ತು ಕುಗ್ತಿಯ ಹಾದಿ; ಆ ಹಾದಿಯಲ್ಲಿ ಹಿಂಡುಗಳು ನಡೆಯುವ ಹಕ್ಕನ್ನು ಕಾಪಾಡದೆ ತಳಿಯನ್ನಷ್ಟೇ ಪ್ರತ್ಯೇಕವಾಗಿ ಸಾಕುವುದರಿಂದ ಗದ್ದಿ ನಾಯಿ ಉಳಿಯಲಾರದು.