ಬೀಳುವ ಗುಂಡುಗಳೂ ಒಬ್ಬ ಪಾದ್ರಿಯ ಪ್ರಾಮಾಣಿಕತೆಯೂ

ಬೀಳುವ ವಸ್ತುಗಳ ಮಾತು ಬಂದೊಡನೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು ಗೆಲಿಲಿಯೋ ಹಾಗೂ ಪೀಸಾದ ವಾಲುಗೋಪುರ. ಆ ಕಥೆಯನ್ನು ಬರೆದವನು ಅವನ ಶಿಷ್ಯ ವಿವಿಯಾನಿ. ಗೆಲಿಲಿಯೋನ ಗ್ರಂಥಗಳಲ್ಲಿ ಅದು ದೊರೆಯುವುದಿಲ್ಲ. ಅದಕ್ಕಿಂತ ಗಟ್ಟಿಯಾದ ದಾಖಲೆಯುಳ್ಳ ಇನ್ನೊಂದು ಗೋಪುರದ ಕಥೆಯನ್ನು ಇಂದು ಹೇಳಬಯಸುತ್ತೇನೆ.

ಇಟಲಿಯ ಬೊಲೋನ್ಯಾ ನಗರದಲ್ಲಿ ಸುಮಾರು 97 ಮೀಟರ್ ಎತ್ತರದ ಅಸಿನೆಲ್ಲಿ ಗೋಪುರವಿದೆ. 1640ರ ದಶಕದಲ್ಲಿ ಜೆಸ್ಯೂಟ್ ಪಾದ್ರಿ ರಿಚ್ಚೋಲಿಯು ತನ್ನ ಸಹವರ್ತಿ ಗ್ರಿಮಾಲ್ಡಿಯೊಡನೆ ಅಲ್ಲಿಂದ ಗುಂಡುಗಳನ್ನು ಬೀಳಿಸಿ, ಲೋಲಕದ ತೂಗಾಟಗಳನ್ನು ಎಣಿಸಿ ಕಾಲವನ್ನು ಅಳೆದನು. ಗೆಲಿಲಿಯೋನನ್ನು ಚರ್ಚು 1633ರಲ್ಲಿ ದಂಡಿಸಿತ್ತು. ರಿಚ್ಚೋಲಿಯೂ ಭೂಮಿಯು ಸ್ಥಿರವೆಂದು ವಾದಿಸಿದವನೇ; ಗೆಲಿಲಿಯೋನ ಪತನನಿಯಮವನ್ನೂ ಅವನು ಶಂಕೆಯಿಂದಲೇ ಪರೀಕ್ಷಿಸತೊಡಗಿದನು. ಆದರೆ ಸಮಾನ ಅವಧಿಗಳಲ್ಲಿ ಗುಂಡು ಕ್ರಮಿಸಿದ ದೂರಗಳು 1, 3, 5, 7 ಎಂಬ ಅನುಪಾತದಲ್ಲಿಯೇ ಬೆಳೆದವು. ನಿಯಮ ಸರಿಯಾಗಿತ್ತು! ಅವನು ಆ ಸುದ್ದಿಯನ್ನು ಗೆಲಿಲಿಯೋನ ಅನುಯಾಯಿಯಾಗಿದ್ದ ಗಣಿತಜ್ಞ ಕವಾಲಿಯೇರಿಗೆ ತಿಳಿಸಿದನು. 1651ರಲ್ಲಿ ತನ್ನ ‘ಅಲ್ಮಜೆಸ್ಟಮ್ ನೋವಮ್’ ಗ್ರಂಥದಲ್ಲಿ ಪ್ರಕಟಿಸಿದನು.

ಇನ್ನೊಂದು ಫಲಿತಾಂಶವನ್ನೂ ಅವನು ಮರೆಮಾಚಲಿಲ್ಲ. ಒಂದೇ ಗಾತ್ರದ, ಬೇರೆ ಬೇರೆ ತೂಕದ ಗುಂಡುಗಳು ಒಟ್ಟಿಗೆ ನೆಲ ಮುಟ್ಟಲಿಲ್ಲ. ಭಾರವಾದುದು ಮೊದಲು ಬಿದ್ದಿತು. ಹಾಗಾದರೆ ಅರಿಸ್ಟಾಟಲನೇ ಗೆದ್ದನೇ? ಇಲ್ಲ. ಗುರುತ್ವವು ವಸ್ತುವನ್ನು ಕೆಳಗೆಳೆದರೆ ಗಾಳಿಯು ಎದುರಾಗಿ ಮೇಲಕ್ಕೆ ತಳ್ಳುತ್ತದೆ. ಈ ಪ್ರತಿರೋಧವು ಗಾತ್ರ, ಆಕಾರ, ವೇಗಗಳನ್ನು ಅವಲಂಬಿಸುತ್ತದೆಯೇ ಹೊರತು ತೂಕವನ್ನಲ್ಲ. ಆದುದರಿಂದ ಅಷ್ಟೇ ಪ್ರತಿರೋಧವು ಹಗುರವಾದ ಗುಂಡನ್ನು ಹೆಚ್ಚು ತಡೆಯುತ್ತದೆ. ಗಾಳಿಯಿಂದಾಗುವ ವ್ಯತ್ಯಾಸವನ್ನು ಗೆಲಿಲಿಯೋ ತನ್ನ 1638ರ ಗ್ರಂಥದಲ್ಲಿಯೇ ಒಪ್ಪಿಕೊಂಡಿದ್ದನು.

ವೇಗ ಹೆಚ್ಚಿದಂತೆ ಪ್ರತಿರೋಧವೂ ಹೆಚ್ಚುತ್ತದೆ. ಅದು ತೂಕಕ್ಕೆ ಸಮನಾದಾಗ ವೇಗವು ಮುಂದೆ ಬೆಳೆಯುವುದಿಲ್ಲ, ಇದೇ ಅಂತ್ಯವೇಗ. ಗಾಳಿಯೇ ಇಲ್ಲದಿದ್ದರೆ 1 ಕಿಲೋಮೀಟರ್ ಎತ್ತರದಿಂದ ಬೀಳುವ ಮಳೆಹನಿಯು ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ನಮ್ಮ ತಲೆಗೆ ಬಡಿಯುತ್ತಿತ್ತು. ವಾಸ್ತವದಲ್ಲಿ ದೊಡ್ಡ ಹನಿಯ ವೇಗವೂ ಗಂಟೆಗೆ 30 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ನಮ್ಮ ಮಲೆನಾಡಿನ ಮುಂಗಾರಿನಲ್ಲಿ ಕೊಡೆಗಳು ಉಳಿದಿರುವುದು ಗಾಳಿಯ ಕೃಪೆಯಿಂದಲೇ.

1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್, ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಮ್ಮೆಗೇ ಕೈಬಿಟ್ಟರು. ಎರಡೂ ಒಟ್ಟಿಗೆ ನೆಲ ಮುಟ್ಟಿದವು. ಗೆಲಿಲಿಯೋನ ಹೆಸರು ಅಂದು ಎಲ್ಲರಿಗೂ ನೆನಪಾಯಿತು. ಎದುರಾಳಿಯ ನಿಯಮವನ್ನು ಅಳೆದು ನೋಡಿ, ಸರಿಯೆಂದು ಬರೆದಿಟ್ಟ ಆ ಪಾದ್ರಿಯನ್ನೂ ನೀವು ನಿಮ್ಮ ಮಕ್ಕಳಿಗೆ ಪರಿಚಯಿಸಿರೆಂಬುದು ನನ್ನ ಆಶಯ.