ವಚನದ ಪ್ರತಿ, ಅಂಕಿತದ ಋಣ

ಶಿವಶರಣರ ವಚನಗಳು ಇಂದಿನವರೆಗೆ ಉಳಿದು ಬಂದದ್ದು ಪ್ರತಿ ಮಾಡಿದವರ ಕೈಯಿಂದ. ಈಗ ದೊರೆಯುವ ಓಲೆಗರಿಗಳಲ್ಲಿ ಹನ್ನೆರಡನೆಯ ಶತಮಾನದ್ದು ಒಂದೂ ಇಲ್ಲ. ಇರುವುದೆಲ್ಲ ಪ್ರತಿಯ ಪ್ರತಿ, ಅದರದೂ ಪ್ರತಿ. ಬಸವಣ್ಣನವರ ಅಪ್ಪಣೆಯನ್ನಾಗಲಿ ಅಕ್ಕಮಹಾದೇವಿಯ ಒಪ್ಪಿಗೆಯನ್ನಾಗಲಿ ಆ ಲಿಪಿಕಾರರು ಪಡೆದವರಲ್ಲ. ಹಾಗೆಂದು ಅವರನ್ನು ಪರರ ಸೊತ್ತು ಎತ್ತಿಕೊಂಡವರೆಂದು ಯಾರೂ ಕರೆಯಲಾರರು. ಏಕೆ ಕರೆಯಲಾರರೆಂಬುದು ವಿಚಾರಾರ್ಹವಾಗಿದೆ.

ಲಿಪಿಕಾರನು ಎಲ್ಲವನ್ನೂ ಬರೆದು ವಚನದ ಕೊನೆಗೆ ಬಂದಾಗ ಅಲ್ಲಿ ಅಂಕಿತವಿರುತ್ತಿತ್ತು. ಶರಣರು ತಮ್ಮ ಹೆಸರನ್ನು ಮರೆಸಿ ಇಷ್ಟದೈವದ ಹೆಸರನ್ನು ಇಟ್ಟರು. ಅಂಬಿಗರ ಚೌಡಯ್ಯನಂಥವರು ಮಾತ್ರ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು. ನಾನೆಂಬುದನ್ನು ಅಳಿಸಲು ಬಂದ ಆ ಅಂಕಿತವೇ ಮುಂದೆ ವಚನಕಾರರ ಏಕೈಕ ಗುರುತಾಯಿತು. ಆ ಗುರುತಾದರೂ ಎಷ್ಟು ಸೂಕ್ಷ್ಮ! ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಕೂಡಲಚೆನ್ನಸಂಗಮದೇವ ಎಂದರೆ ಚೆನ್ನಬಸವಣ್ಣನವರು. ನಡುವಿನ ಎರಡಕ್ಷರ ಬಿಟ್ಟುಹೋದರೆ ಸೋದರಳಿಯನ ವಚನ ಸೋದರಮಾವನದಾಗುತ್ತದೆ. ಶತಮಾನಗಳ ಕಾಲ ಇದನ್ನು ಬಹುಮಟ್ಟಿಗೆ ಕಾಪಾಡಿಕೊಂಡು ಬಂದವರು ಹೆಸರಿಲ್ಲದ ಲಿಪಿಕಾರರು. ಅವರದು ಕಾಯಕವೇ ಸರಿ.

ಹದಿನೈದನೆಯ ಶತಮಾನದಲ್ಲಿ ಈ ಕಾರ್ಯ ಇನ್ನೊಂದು ರೂಪ ತಾಳಿತು. ಶಿವಗಣಪ್ರಸಾದಿ ಮಹಾದೇವಯ್ಯನವರು ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ ಅನೇಕ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಆಮೇಲೆ ಹಲಗೆಯಾರ್ಯರು ಆ ಕೃತಿಯನ್ನೇ ಎತ್ತಿಕೊಂಡು, ಸಿದ್ಧರಾಮೇಶ್ವರರ ದೀಕ್ಷಾ ಪ್ರಸಂಗವನ್ನು ಸೇರಿಸಿ ಪರಿಷ್ಕರಿಸಿದರು. ಈ ಸಂಪಾದಕರು ಕೆಲವೆಡೆ ಪಾಠವನ್ನೂ ತಿದ್ದಿದ್ದಾರೆಂದು ವಿದ್ವಾಂಸರು ಹೇಳುತ್ತಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಡುವಣ ಗದ್ಯ ತಮ್ಮದು, ವಚನ ಶರಣರದು ಎಂಬ ಗೆರೆ ಅಂಕಿತದಿಂದಾಗಿ ಉಳಿದುಕೊಂಡಿತು. ಅನ್ಯರ ಮಾತನ್ನು ಬಳಸಿಯೂ ತನ್ನದೆನ್ನದೆ ಇರುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಕನ್ನಡದಲ್ಲಿ ಸಿಗುವುದು ಕಷ್ಟ.

ಮುದ್ರಣದ ಕಾಲಕ್ಕೆ ಬಂದರೆ ಫ.ಗು.ಹಳಕಟ್ಟಿಯವರ (1880-1964) ಸ್ಮರಣೆ ಅನಿವಾರ್ಯ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು, ದೇವರ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದರೂ ಯಾರೂ ಬಿಚ್ಚಿ ಓದದಿದ್ದ ಓಲೆಗರಿಯ ಕಟ್ಟುಗಳನ್ನು ಮನೆ ಮನೆ ತಿರುಗಿ ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಇದಕ್ಕಾಗಿ ಅವರು ಮನೆಯನ್ನೇ ಮಾರಿದರು. ಈ ಶ್ರಮದ ಫಲವನ್ನು ಮುಂದಿನವರೆಲ್ಲ ಉಂಡರು. ಉಂಡವರೆಲ್ಲರೂ ಅವರ ಹೆಸರು ಹೇಳಲಿಲ್ಲ.

ಕಾನೂನು ಏನು ಹೇಳುತ್ತದೆಂಬುದನ್ನೂ ತಿಳಿದಿರುವುದು ಒಳಿತು. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಲೇಖಕರು ಲಿಂಗೈಕ್ಯರಾದ ಮರುವರ್ಷದಿಂದ 60 ವರ್ಷ ಅವರ ಬರಹಕ್ಕೆ ಹಕ್ಕು ಇರುತ್ತದೆ. ವಚನಗಳ ಮೂಲಪಾಠಕ್ಕೆ ಅಂಥ ಹಕ್ಕಿಲ್ಲ. ಹಳಕಟ್ಟಿಯವರ ಸ್ವಂತ ಬರಹಗಳು 2025ರ ಜನವರಿ 1ರಿಂದ ಸರ್ವರ ಸೊತ್ತಾಗಿವೆ. 2015ರಲ್ಲಿ ಹತ್ಯೆಗೀಡಾದ ಎಂ.ಎಂ.ಕಲಬುರ್ಗಿಯವರ ಲೇಖನಗಳಿಗೆ 2075ರ ಕೊನೆಯವರೆಗೆ ಹಕ್ಕು ಉಂಟು. ಅಂದರೆ ವಚನವನ್ನು ಹಂಚಲು ಯಾರನ್ನೂ ಕೇಳಬೇಕಿಲ್ಲ, ಅದರ ಕೆಳಗೆ ವಿದ್ವಾಂಸರೊಬ್ಬರು ಬರೆದ ವ್ಯಾಖ್ಯಾನವನ್ನು ಇಡಿಯಾಗಿ ಎತ್ತಿ ಹಾಕಲು ಕೇಳಬೇಕು. ಈ ಭೇದ ಬಹುಮಂದಿಗೆ ತಿಳಿಯದು.

ಹಕ್ಕು ಇಲ್ಲವೆಂದ ಮಾತ್ರಕ್ಕೆ ವಚನವನ್ನು ಹೇಗೆ ಬೇಕಾದರೂ ಬಳಸಬಹುದೆ? ಬಸವ ವಚನ ದೀಪ್ತಿಯಲ್ಲಿ ಮಾತೆ ಮಹಾದೇವಿಯವರು ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಅಂಕಿತ ಬದಲಿಸಿದಾಗ ಎಂಟುನೂರು ವರ್ಷಗಳಿಗೂ ಹಳೆಯ ವಚನಗಳ ಪರವಾಗಿ ನಾಡು ಎದ್ದು ನಿಂತಿತು. ರಾಜ್ಯ ಸರಕಾರ 1998ರಲ್ಲಿ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿತು. ಅವರ ಬಸವಭಕ್ತಿಯನ್ನು ಶಂಕಿಸಬೇಕಾಗಿಲ್ಲ. ಪುಸ್ತಕವೊಂದನ್ನು ಮುಟ್ಟುಗೋಲು ಹಾಕುವುದು ಸರಿಯೇ ಎಂಬ ಪ್ರಶ್ನೆಯೂ ಬೇರೆ. ಆದರೆ ಅಂಕಿತ ಬದಲಿಸುವ ಅಧಿಕಾರ ಭಕ್ತಿಯಿಂದಲೂ ಬಾರದು.

ಅಂದು ಒಂದು ಪುಸ್ತಕದಲ್ಲಿ ನಡೆದದ್ದು ಇಂದು ಮೊಬೈಲಿನಲ್ಲಿ ದಿನವೂ ನಡೆಯುತ್ತಿದೆ. ಅದಕ್ಕೆ ಯಾವ ನ್ಯಾಯಾಲಯವೂ ಇಲ್ಲ. ಮುಂಜಾನೆಯ ಸಂದೇಶದಲ್ಲಿ ವಚನದ ಮೊದಲೆರಡು ಸಾಲು ಇರುತ್ತವೆ, ಅಂಕಿತ ಇರುವುದಿಲ್ಲ. ಕಳಿಸುವವರು ಸದ್ಭಕ್ತರೇ. ಸಮಗ್ರ ವಚನ ಸಂಪುಟಗಳ ಯಾವ ಪುಟದಲ್ಲೂ ಇಲ್ಲದ ಮಾತುಗಳೂ ಬಸವಣ್ಣನವರ ಭಾವಚಿತ್ರದ ಕೆಳಗೆ ಓಡಾಡುತ್ತವೆ.

ಆಯ್ದಕ್ಕಿ ಲಕ್ಕಮ್ಮನ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಆಕೆಯ ಪತಿ ಮಾರಯ್ಯನವರದು ಅಮರೇಶ್ವರಲಿಂಗ. ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಿ ಬಾ ಎಂದು ಪತಿಯನ್ನೇ ತಿದ್ದಿದ ಶರಣೆ ಆಕೆ. ಚಿತ್ರದಲ್ಲಿ ಸ್ಥಳ ಸಾಲದೆಂದು ಮಾರಯ್ಯಪ್ರಿಯ ಎಂಬುದನ್ನು ಯಾರೋ ಕತ್ತರಿಸಿದರೆ, ಪತಿಗೆ ಆಕೆ ಹೇಳಿದ ಮಾತು ಪತಿಯದೇ ಆಗಿಬಿಡುತ್ತದೆ.